ಗರಗಸಗಳಿಗೆ ಉಚಿತ ತಪಾಸಣೆ

"ನಾಲಿಗೆ ಚಾಚು ಅಂತ ಒಂದ್ಸಲ ಹೇಳ್ಬಿಡಿ, ಪೂರ್ತಿ ಡಾಕ್ಟರೇ ಆಗೋಗ್ತೀರ," ಎಂದಳು ಮೆಕ್ಯಾನಿಕ್‌ನ ಹೆಂಡತಿ, ನೀರಿನ ಬಕೆಟ್ಟನ್ನು ಗಂಡನ ಕಾಲ ಬಳಿ ಇಡುತ್ತ.

ಮೆಕ್ಯಾನಿಕ್ ಮೇಜಿನ ಮೇಲೆ ಮಲಗಿಸಿದ್ದ ಗರಗಸದ ಮೇಲೆ ಬಾಗಿ, ಅದರ ದುಂಡನೆಯ ಬ್ಲೇಡನ್ನು ಒಂದೇ ಬೆರಳಿನಿಂದ ತಿರುಗಿಸಿ, ಕಣ್ಣು ಮುಚ್ಚಿಕೊಂಡು ಅದರ ಸದ್ದು ಕೇಳುತ್ತಿದ್ದ.

"ಏನಾಗಿದೆ ಹೇಳಪ್ಪ," ಎಂದಳು ಗರಗಸದ ಒಡತಿ. ಬಚ್ಚಲುಮನೆ, ಅಡುಗೆಮನೆಗಳಿಗೆ ಟೈಲ್ಸ್ ಹಾಕುವ ಅವಳನ್ನು ಬೀದಿಗೆ ಬೀದಿಯೇ ಟೈಲ್ಸ್ ಅಕ್ಕ ಎಂದು ಕರೆಯುತ್ತಿತ್ತು. "ಸುಮ್ನೆ ಹಾಡುತ್ತೆ, ಕೊಯ್ಯಲ್ಲ. ಕೂಗೋದು ಊರಿಗೆಲ್ಲ ಕೇಳುತ್ತೆ, ಟೈಲ್ಸ್ ಮೇಲೆ ಒಂದು ಗೀರೂ ಬೀಳಲ್ಲ."

"ಅಂಚು ಮುಟ್ಟಿ ನೋಡಕ್ಕ. ಗಾಜಿನ ಥರ ನುಣ್ಣಗಿದೆ. ಕೊಯ್ಯೋ ವಜ್ರದ ಹರಳೆಲ್ಲ ಒಳಗೇ ಹೂತುಹೋಗಿವೆ. ಬರೀ ಗಟ್ಟಿ ಟೈಲ್ಸನ್ನೇ ಕೊಯ್ದರೆ ಹೀಗಾಗುತ್ತೆ. ಬ್ಲೇಡ್ ಸತ್ತಿಲ್ಲ, ನಿದ್ದೆ ಮಾಡ್ತಿದೆ."

"ಎಬ್ಬಿಸು ಮತ್ತೆ!"

ಮೆಕ್ಯಾನಿಕ್ ಗರಗಸ ಚಾಲೂ ಮಾಡಿ, ಒರಟು ಸಿಮೆಂಟ್ ಇಟ್ಟಿಗೆಯೊಂದರಲ್ಲಿ ಬ್ಲೇಡನ್ನು ನಾಲ್ಕಾರು ಸಲ ಇಳಿಸಿ ತೆಗೆದ. ಇಟ್ಟಿಗೆಯ ಮರಳು ಬ್ಲೇಡಿನ ಅಂಚನ್ನು ಉಜ್ಜಿ ಹರಳುಗಳನ್ನು ಹೊರಗೆಳೆಯಿತು. ಆಮೇಲೆ ಪಕ್ಕದಲ್ಲಿ ಒರಗಿಸಿಟ್ಟಿದ್ದ ಬೂದು ಕಲ್ಲಿನ ಚಪ್ಪಡಿಗೆ ಹಿಡಿದ. ಬ್ಲೇಡು ಸೋಪಿನೊಳಗೆ ಇಳಿದಂತೆ ಇಳಿಯಿತು. ಟೈಲ್ಸ್ ಅಕ್ಕ ಎರಡೂ ಕೈಯಲ್ಲಿ ಕೆನ್ನೆ ಹಿಡಿದುಕೊಂಡು ನಕ್ಕಳು.

ಸ್ವಲ್ಪ ದೂರದಲ್ಲಿ, ಮಾಡಿನ ನೆರಳಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಬಟಾಣಿ ಸುಲಿಯುತ್ತಿದ್ದ ಹೆಂಗಸು ನಿಧಾನವಾಗಿ ಎದ್ದು ಬಂದರು. ಚಪ್ಪಡಿಯ ಮೇಲಿನ ಹೊಸ ಕೊಯ್ತವನ್ನು ಸುಮ್ಮನೆ ನೋಡುವವರಂತೆ ನೋಡಿ, ಉಗುರಿನಿಂದ ಒಮ್ಮೆ ಗೀರಿ, ಮತ್ತೆ ಕುರ್ಚಿಗೆ ಹೋದರು. ಮೆಕ್ಯಾನಿಕ್ ಓರೆಗಣ್ಣಲ್ಲಿ ಅವರ ಮುಖ ನೋಡಿದ. ಅವರು ಅಲ್ಲ ಎಂಬಂತೆ ತಲೆಯಾಡಿಸಿದರು.

ಆಕೆ ಅವನ ತೀರಿಕೊಂಡ ಅಣ್ಣನ ಹೆಂಡತಿ. ಪೊಲೀಸ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾಗಿ ಮೈದುನನ ಮನೆಯಲ್ಲೇ ಇದ್ದವರು. ಮೈದುನ ಅತ್ತಿಗೆ ಎಂದು ಕರೆಯುವುದನ್ನು ಕೇಳಿ ಕೇಳಿ ಬೀದಿಯವರೆಲ್ಲರಿಗೂ ಅವರು ಅತ್ತಿಗೆಯೇ ಆಗಿಬಿಟ್ಟಿದ್ದರು.

ಹಿಂದಿನ ಶುಕ್ರವಾರ ಮಧ್ಯಾಹ್ನ ಸಂಗೀತ ಶಾಲೆಯ ಪಡಸಾಲೆಯಿಂದ, ಹಾಡುವ ಹೆಂಗಸಿನ ಮುಖ ಕೆತ್ತಿದ್ದ ಕಲ್ಲನ್ನು ಯಾರೋ ಗೋಡೆಯಿಂದಲೇ ಕೊಯ್ದು ಒಯ್ದಿದ್ದರು. ಬೀಗದ ಕೈ ಅವಳೊಬ್ಬಳ ಬಳಿಯೇ ಇತ್ತೆಂದು ಗೇಟು ಕಾಯುವವಳನ್ನು ಕೆಲಸದಿಂದ ಮನೆಗೆ ಕಳಿಸಿದ್ದರು.

ತಪ್ಪು ಅವಳದಲ್ಲ ಎಂದು ತಾವೇ ಹುಡುಕಹೊರಟ ಅತ್ತಿಗೆಗೆ ಸಿಕ್ಕಿದ್ದು ಒಂದೇ ಸುಳಿವು. ಗೋಡೆಯಲ್ಲಿ ಉಳಿದ ತೂತಿನ ಅಂಚಿನಿಂದ ಎಬ್ಬಿಸಿ ತಂದ, ಅಂಗೈಯಗಲದ ಕಲ್ಲಿನ ಚೂರು. ಅದರ ಕೊಯ್ದ ಮುಖದ ಮೇಲೆ ಸಣ್ಣ ಸಣ್ಣ ಅಲೆಗಳಿದ್ದವು. ಕೊಯ್ದ ಬ್ಲೇಡು ನಡುಗುತ್ತಿತ್ತು ಎಂದು ಮೆಕ್ಯಾನಿಕ್ ಅದನ್ನು ಮುಟ್ಟಿಯೇ ಹೇಳಿದ್ದ.

"ಮನೆಮನೆಗೆ ಹೋಗಿ ನಿನ್ನ ಗರಗಸ ತೋರ್ಸು ಅಂದ್ರೆ ಯಾರೂ ತೋರ್ಸಲ್ಲ," ಎಂದಿದ್ದರು ಅತ್ತಿಗೆ. "ಬಿಟ್ಟಿ ರಿಪೇರಿ ಅಂತ ಬೋರ್ಡ್ ಹಾಕು. ಮಂಚದ ಕೆಳಗೆ ಬಚ್ಚಿಟ್ಟಿರೋರೂ ಹೊತ್ಕೊಂಡು ಬರ್ತಾರೆ."

ಹಾಗೆಯೇ ಆಗಿತ್ತು. ಬೆಳಗಿನಿಂದ ವರ್ಕ್‌ಶಾಪಿನ ಅಂಗಳ ತುಂಬಿತ್ತು. ಒಬ್ಬರು ಕೈಗಾಡಿಯಲ್ಲಿ, ಒಬ್ಬರು ಸ್ಕೂಟರಿನ ಹಿಂದೆ, ಒಬ್ಬರಂತೂ ಜ್ವರ ಬಂದ ಮಗುವನ್ನು ಎತ್ತಿಕೊಂಡಂತೆ ಎದೆಗೊತ್ತಿ ತಂದಿದ್ದರು. ರಿಪೇರಿಯಾದ ಮೇಲೆ ಎಲ್ಲರೂ ಅದೇ ಚಪ್ಪಡಿಯ ಮೇಲೆ ಒಂದು ಕೊಯ್ತ ಹಾಕಿ ಹೋಗಬೇಕು. ಯಾರಿಗೂ ಅನುಮಾನ ಬರಲಿಲ್ಲ. ರಿಪೇರಿಯಿಂದ ಮಾಯವಾಗುವಂಥ ನಡುಕದ ದೂರು ಮಾತ್ರ ಇನ್ನೂ ಯಾರದ್ದೂ ಇರಲಿಲ್ಲ.

ಅಂಗಳದಲ್ಲಿ ಟೀ ಹಂಚುತ್ತಿದ್ದವಳು ಗೇಟಮ್ಮ, ಶಾಲೆಯಿಂದ ಮನೆಗೆ ಕಳಿಸಲ್ಪಟ್ಟವಳು. ಸುಮ್ಮನೆ ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ ಎಂದು ತಾನೇ ಬಂದಿದ್ದಳು.

"ಮುಂದಿನವರು ಬನ್ನಿ!"

ಬಂದವನು ಗಡ್ಡದ ಮೇಸ್ತ್ರಿ. ಅತ್ತಿಗೆಯ ಕೈ ಬಟಾಣಿಯ ಮೇಲೆ ನಿಂತಿತು. ಅವರ ಮೊದಲ ಅನುಮಾನ ಇವನ ಮೇಲೆಯೇ. ಶಾಲೆಯ ಎದುರುಮನೆಯವನು. ಪಡಸಾಲೆಯಲ್ಲಿ ದಿನವಿಡೀ ನಡೆಯುವ ಪಾಠದ ವಿಷಯದಲ್ಲಿ ಶಾಲೆಯವರ ಜೊತೆ ಅವನದು ನಿತ್ಯ ಜಗಳ.

"ಕಲ್ಲು ತಿನ್ನಲ್ಲ, ಬರೀ ಹೊಗೆ ಉಗುಳುತ್ತೆ," ಎಂದ ಅವನು. "ಸುಟ್ಟ ವಾಸನೆ ಬೇರೆ. ಒತ್ತಿ ಹಿಡಿದ್ರೆ ನಿಂತೇಹೋಗುತ್ತೆ."

ಮೆಕ್ಯಾನಿಕ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದ. ಹಳೆಯ ಲಾಡಿಯಂತೆ ಜೋತುಬಿತ್ತು. "ಬೆಲ್ಟ್ ಸಡಿಲ. ಅದಕ್ಕೇ ಒತ್ತಿದ ತಕ್ಷಣ ನಿಲ್ಲುತ್ತೆ. ಆದ್ರೆ ಬರೀ ಅಷ್ಟೇ ಆಗಿದ್ರೆ..." ಬ್ಲೇಡಿನ ಮೇಲಿನ ಧೂಳೊರೆಸಿದ. ತುಟಿ ಕಚ್ಚಿ ನಗು ತಡೆದುಕೊಂಡ. "ಮೇಸ್ತ್ರಿಗಳೇ, ಈ ಬಾಣದ ಗುರುತು ಕಾಣಿಸ್ತಿದೆಯಾ?"

"ಕಾಣಿಸ್ತಿದೆ."

"ಯಾವ ಕಡೆ ತೋರಿಸ್ತಿದೆ?"

ಮೇಸ್ತ್ರಿ ಬಾಣ ನೋಡಿದ. ಗರಗಸ ನೋಡಿದ. ಗಡ್ಡ ಕೆರೆದುಕೊಂಡ. "ಉಲ್ಟಾ ಹಾಕಿದೀನಾ?"

ಅಂಗಳವೆಲ್ಲ ಹೋ ಎಂದು ನಕ್ಕಿತು. ಕೊನೆಗೆ ಮೇಸ್ತ್ರಿಯೂ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾರಿಗೂ ಹೇಳ್ಬೇಡಿ ಮಾರಾಯ್ರೇ, ನನ್ನ ಕೈ ಕೆಳಗೆ ಕೆಲಸ ಮಾಡೋರು ನಾಳೆಯಿಂದ ನನ್ನ ಚಪ್ಪಲಿನೂ ತಿರುಗಿಸಿ ಇಡ್ತಾರೆ."

ಬೆಲ್ಟು ಬಿಗಿಯಾಯಿತು, ಬ್ಲೇಡು ನೆಟ್ಟಗಾಯಿತು. ಚಪ್ಪಡಿಯ ಮೇಲೆ ಅವನ ಕೊಯ್ತ ದಾರ ಹಿಡಿದಂತೆ ಬಿತ್ತು. ಅತ್ತಿಗೆ ಬಂದು ಗೀರಿ ನೋಡಿದರು. ಅಲೆಯೇ ಇಲ್ಲ. ಬೆಲ್ಟು ಸಡಿಲವಾದರೂ, ಬ್ಲೇಡು ಉಲ್ಟಾ ಆದರೂ ಕಲ್ಲು ಸುಡುತ್ತದೆಯೇ ಹೊರತು ಅಲೆ ಏಳುವುದಿಲ್ಲ ಎಂದು ಮೈದುನ ಮೊದಲೇ ಹೇಳಿದ್ದ. ಒಂದು ವಾರದಿಂದ ಹೊತ್ತುಕೊಂಡಿದ್ದ ಅನುಮಾನ ಹೀಗೆ ಒಂದು ನಗೆಯಲ್ಲಿ ಕರಗಿದ್ದಕ್ಕೆ ಅವರಿಗೆ ಬೇಸರವಾಗಲಿಲ್ಲ. ಮೇಸ್ತ್ರಿಗೆ ಇನ್ನೊಂದು ಟೀ ಕೊಡಿಸಿದರು.

ಊಟದ ಹೊತ್ತಿಗೆ ಅಂಗಳ ಖಾಲಿಯಾಯಿತು. ಮೆಕ್ಯಾನಿಕ್‌ನ ಹೆಂಡತಿ ಅಡುಗೆ ನೋಡಲು ಮನೆಗೆ ಹೋದಳು. ಮೆಕ್ಯಾನಿಕ್ ಕೈ ತೊಳೆಯಲು ನಲ್ಲಿಯ ಬಳಿ ಹೋಗುತ್ತಿದ್ದಾಗ ಗೇಟಿನ ಹತ್ತಿರ ಒಬ್ಬ ನಿಂತಿರುವುದು ಕಂಡಿತು. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಎತ್ತರದ ಆಳು, ಕಂಬಳಿ ಸುತ್ತಿದ ಗರಗಸ ಕಂಕುಳಲ್ಲಿ.

ಉದ್ಯಾನಗಳಿಗೆ ಕಲ್ಲಿನ ಬೆಂಚು ಮಾಡಿಕೊಡುವವನು. ಎಲ್ಲರೂ ಬೆಂಚಣ್ಣ ಎನ್ನುತ್ತಿದ್ದರು.

"ಮುಗಿದೋಯ್ತೇನೋ ಅಂದ್ಕೊಂಡೆ," ಎಂದ.

"ಬನ್ನಿ ಬನ್ನಿ. ರೋಗಿ ಬಂದ್ಮೇಲೆ ಮುಗಿಯೋದೇನು."

ಕಂಬಳಿ ಬಿಚ್ಚಿದಾಗ ಬ್ಲೇಡು ಬಿಸಿಲಿಗೆ ಫಳಫಳ ಹೊಳೆಯಿತು. ಒಂದೆರಡು ಸಲವೂ ಬಳಸಿರದ ಹೊಸ ಬ್ಲೇಡು.

"ಹೊಸದು ಹಾಕಿದ್ರೂ ನಡುಗುತ್ತೆ," ಎಂದ ಬೆಂಚಣ್ಣ. "ಕೈಯೆಲ್ಲ ಜೋಮು ಹಿಡಿಯುತ್ತೆ."

ಅತ್ತಿಗೆ ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಹಳೇ ಬ್ಲೇಡ್ ಏನಾಯ್ತು?"

"ಹಲ್ಲು ಉದುರ್ತು ಅತ್ತಿಗೆ. ಬಿಸಾಕ್ದೆ."

ಮೆಕ್ಯಾನಿಕ್ ಬ್ಲೇಡು ಬಿಚ್ಚಿ ಗಾಜಿನ ತುಂಡಿನ ಮೇಲಿಟ್ಟ. ಎಲ್ಲೂ ಎದ್ದಿಲ್ಲ, ಮಟ್ಟಸ. ಮತ್ತೆ ಕೂರಿಸಿ, ಅಂಚಿನ ಪಕ್ಕ ಚಾಕ್‌ಪೀಸ್ ಹಿಡಿದು, ಕೈಯಿಂದ ತಿರುಗಿಸಿದ. ಬಿಳಿ ಗೀಟು ಒಂದು ಕಡೆ ಮಾತ್ರ ಬಿತ್ತು.

"ಬ್ಲೇಡ್ ತಪ್ಪಲ್ಲ. ಅದನ್ನ ಹಿಡ್ಕೊಂಡಿರೋದು ಸೊಟ್ಟಗಿದೆ."

ಬ್ಲೇಡನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ದಪ್ಪ ಬಿಲ್ಲೆಗಳನ್ನು ಕಳಚಿ, ಬಟ್ಟೆಯಿಂದ ಒರೆಸಿ, ಒಳಗಿನ ಬಿಲ್ಲೆಯ ಮುಖದ ಮೇಲೆ ಹೆಬ್ಬೆರಳು ಸವರಿದ. ಒಂದು ಜಾಗದಲ್ಲಿ ಬೆರಳು ನಿಂತಿತು.

"ಇಲ್ಲಿ ನೋಡಿ. ಯಾವತ್ತೋ ಸುತ್ತಿಗೆ ಏಟು ಬಿದ್ದು ಎಳ್ಳಿನಷ್ಟು ಎದ್ದಿದೆ. ಬ್ಲೇಡ್ ಇದರ ಮೇಲೆ ಕೂತು ವಾಲಿಕೊಂಡಿದೆ. ನೀವು ಹೊಸ ಬ್ಲೇಡ್ ಎಷ್ಟು ಹಾಕಿದ್ರೂ ನಡುಕ ಹೋಗಲ್ಲ."

"ಇಷ್ಟು ಚಿಕ್ಕದಕ್ಕಾ?"

"ಕಣ್ಣೊಳಗೆ ಕಸ ಬಿದ್ರೆ ಎಷ್ಟು ದೊಡ್ಡದಿರುತ್ತೆ ಹೇಳಿ?" ಮೆಕ್ಯಾನಿಕ್ ಅರ ಕೈಗೆತ್ತಿಕೊಂಡ. "ಉಜ್ಜಿಬಿಟ್ರೆ ಆಯ್ತು."

"ತಡಿ," ಎಂದರು ಅತ್ತಿಗೆ. ದನಿ ಮೆತ್ತಗೇ ಇತ್ತು. "ಉಜ್ಜೋ ಮುಂಚೆ, ಇದ್ದ ಹಾಗೇ ಒಂದು ಕೊಯ್ತ ಹಾಕು."

ಮೆಕ್ಯಾನಿಕ್ ಅವರ ಮುಖ ನೋಡಿದ. ಬಿಲ್ಲೆ, ಬ್ಲೇಡು ಮತ್ತೆ ಜೋಡಿಸಿದ. ಗರಗಸ ಚಪ್ಪಡಿಗೆ ತಾಗಿದಾಗ ಅಂಗಳವೆಲ್ಲ ನಡುಗಿದಂತೆ ಸದ್ದಾಯಿತು. ಅಂಚಿನ ತುಂಡೊಂದು ಕಳಚಿ ಬಿತ್ತು. ಅದರ ಕೊಯ್ದ ಮುಖದ ಮೇಲೆ ಅಲೆಗಳು.

ಅತ್ತಿಗೆ ಬಟಾಣಿ ಬುಟ್ಟಿಯ ಅಡಿಯಿಂದ ಟವೆಲಿನ ಗಂಟೊಂದನ್ನು ತೆಗೆದು ಮೇಜಿನ ಮೇಲೆ ಬಿಚ್ಚಿದರು. ಗೋಡೆಯ ಚೂರನ್ನೂ ಹೊಸ ತುಂಡನ್ನೂ ಎದುರುಬದುರು ಹಿಡಿದು ಒಂದಕ್ಕೊಂದು ಒತ್ತಿದರು. ಎರಡು ಬಾಚಣಿಗೆ ಹಲ್ಲು ಕೂಡಿದಂತೆ ಕೂಡಿತು.

ಬೆಂಚಣ್ಣ ಒಂದು ಹೆಜ್ಜೆ ಹಿಂದೆ ಸರಿದ. "ನಡುಗೋ ಗರಗಸ ಲೋಕದಲ್ಲಿ ನಂದೊಂದೇನಾ?"

"ಅಲ್ಲಪ್ಪ," ಎಂದರು ಅತ್ತಿಗೆ. "ಆದ್ರೆ ಒಂದೊಂದರ ನಡುಕ ಒಂದೊಂದು ಥರ. ಇದು ನಿಮ್ಮದರ ನಡುಕ."

"ಯಾರೋ ನನ್ನ ಮಷಿನ್ ತಗೊಂಡು..."

"ಯಾರು?"

ಅವನು ಬಾಯಿ ತೆರೆದ. ಅಷ್ಟರಲ್ಲಿ ಗೇಟಮ್ಮ ಬಂದು ಅವನ ಎದುರಿಗೆ ಟೀ ಲೋಟ ಇಟ್ಟಳು. ಮೇಜಿನ ಮೇಲಿದ್ದ ಕಲ್ಲುಗಳನ್ನು ಅವಳು ಗಮನಿಸಿರಲೇ ಇಲ್ಲ.

"ನಿಮಗೆ ಸಕ್ಕರೆ ಕಡಿಮೆ ಅಲ್ವಾ? ಶಾಲೆಗೆ ಬಂದಿದ್ದಾಗ ಹೇಳಿದ್ರಿ, ನೆನಪಿದೆ," ಎಂದಳು.

ಬೆಂಚಣ್ಣ ಲೋಟದತ್ತ ನೋಡಿದ. ಅವಳತ್ತ ನೋಡಲು ಅವನಿಂದಾಗಲಿಲ್ಲ. ಅಷ್ಟೆತ್ತರದ ಮನುಷ್ಯ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತ.

"ನಾನೇ ಕೊಯ್ದಿದ್ದು," ಎಂದ. "ಇವರ ಕೆಲಸ ಹೋಗುತ್ತೆ ಅಂತ ನಂಗೆ ಹೊಳೀಲೇ ಇಲ್ಲ. ಗೊತ್ತಾದಾಗಿಂದ ಊಟ ಸೇರ್ತಿಲ್ಲ."

ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಆ ಕಲ್ಲಿನಲ್ಲಿರೋದು ನಮ್ಮಮ್ಮ. ಆ ಶಾಲೇಲಿ ಕಸ ಗುಡಿಸ್ತಿದ್ಳು. ಗುಡಿಸ್ತಾ ಹಾಡ್ಕೋತಿದ್ಳು. ಅಲ್ಲೊಬ್ಬರು ಶಿಲ್ಪಿ ಇದ್ರು, ಅವಳನ್ನ ಮೆಟ್ಟಿಲ ಮೇಲೆ ಕೂರಿಸಿ ಹಾಡಿಸ್ತಾ ಕೆತ್ತಿದ್ರು. ಹೋದ ವರ್ಷ ಅಮ್ಮ ಹೋದ್ಳು. ನಮ್ಮನೇಲಿ ಅವಳ ಫೋಟೋ ಇವೆ, ಎಲ್ಲದರಲ್ಲೂ ಬಾಯಿ ಮುಚ್ಕೊಂಡಿದಾಳೆ. ಬಾಯಿ ತೆರೆದಿರೋದು ಆ ಕಲ್ಲೊಂದರಲ್ಲೇ."

"ಕೇಳಬಹುದಿತ್ತಲ್ಲ," ಎಂದರು ಅತ್ತಿಗೆ.

"ಕೇಳ್ದೆ. ಲಿಫ್ಟ್ ಹಾಕೋಕೆ ಆ ಗೋಡೆ ಒಡೀತಾರಂತೆ. ಕಲ್ಲು ಕೊಡಿ ಅಂದೆ. ಯೋಚನೆ ಮಾಡೋಣ ಅಂದ್ರು. ಯೋಚನೆ ಮಾಡೋಷ್ಟರಲ್ಲಿ ಒಡೆದೇ ಬಿಡ್ತಾರೆ ಅನ್ನಿಸ್ತು. ಅವತ್ತು ಪೇಂಟಿನ ವಾಸನೆ ಹೋಗ್ಲಿ ಅಂತ ಹಿಂಬಾಗಿಲು ತೆರೆದಿಟ್ಟಿದ್ರು. ಊಟಕ್ಕೆ ಎಲ್ಲ ಹೋಗಿದ್ರು. ಕದೀತಿದೀನಿ ಅಂತ ಅನ್ನಿಸ್ಲೇ ಇಲ್ಲ ಅತ್ತಿಗೆ. ಅಮ್ಮನ್ನ ಮನೆಗೆ ಕರ್ಕೊಂಡು ಹೋಗ್ತಿದೀನಿ ಅನ್ನಿಸ್ತು."

ಗೇಟಮ್ಮ ಅಂಗೈಯಿಂದಲೇ ಕಣ್ಣೊರೆಸಿಕೊಂಡಳು. "ನಂಗೊಂದು ಮಾತು ಹೇಳಿದ್ರೆ ಗೇಟನ್ನೇ ತೆಗೀತಿದ್ನಲ್ಲಪ್ಪ."

ಅತ್ತಿಗೆ ಕೆಮ್ಮಿದರು. "ಅದನ್ನ ನಾನು ಕೇಳಿಸ್ಕೊಂಡಿಲ್ಲ. ಸರಿ, ಕಲ್ಲು ಎಲ್ಲಿದೆ?"

"ಅದೇ ಹೇಳ್ಬೇಕು ಅಂತಿದೀನಿ. ನನ್ನ ಹತ್ರ ಇಲ್ಲ."

ಮೆಕ್ಯಾನಿಕ್ ನಕ್ಕುಬಿಟ್ಟ. ಬೆಂಚಣ್ಣ ನಗಲಿಲ್ಲ.

"ಮೇಲ್ಗಡೆ ಕೊಯ್ದೆ, ಎರಡು ಪಕ್ಕ ಕೊಯ್ದೆ. ಕೆಳಗೆ ಒಂದು ಗೇಣು ಹೋಗಿತ್ತು, ಬ್ಲೇಡ್ ಕಚ್ಕೊಂಡು ಹಲ್ಲು ಉದುರ್ತು. ಇನ್ನೊಂದು ಬ್ಲೇಡ್ ತರೋಕೆ ಮನೆಗೆ ಓಡ್ದೆ. ವಾಪಸ್ ಬರೋಷ್ಟರಲ್ಲಿ ಗೋಡೇಲಿ ತೂತು ಇತ್ತು, ಅಮ್ಮ ಇರ್ಲಿಲ್ಲ."

"ಕಥೆ ಚೆನ್ನಾಗಿದೆ," ಎಂದ ಮೆಕ್ಯಾನಿಕ್.

"ಚೆನ್ನಾಗಿಲ್ಲ ಕಣೋ," ಎಂದರು ಅತ್ತಿಗೆ. "ಸುಳ್ಳು ಹೇಳೋನು ಇದಕ್ಕಿಂತ ನಂಬೋ ಹಾಗಿರೋದನ್ನ ಹೇಳ್ತಾನೆ. ಅದಕ್ಕೇ ನಂಗೆ ನಂಬಿಕೆ ಬರ್ತಿದೆ. ಎದ್ದೇಳಿ, ಶಾಲೆಗೆ ಹೋಗೋಣ."

"ಒಂದ್ನಿಮಿಷ," ಎಂದು ಮೆಕ್ಯಾನಿಕ್ ಅರ ತೆಗೆದುಕೊಂಡು ಬಿಲ್ಲೆಯ ಮೇಲಿನ ಆ ಎಳ್ಳನ್ನು ಉಜ್ಜತೊಡಗಿದ. ಎಲ್ಲರೂ ಅವನನ್ನೇ ನೋಡಿದರು. "ಏನು? ಉಚಿತ ತಪಾಸಣೆ ಅಂತ ಬೋರ್ಡ್ ಹಾಕಿಲ್ವಾ? ಕಳ್ಳಂದು ಮಾಡಲ್ಲ ಅಂತ ಬರೆದಿಲ್ಲವಲ್ಲ."

ಬ್ಲೇಡು ಮತ್ತೆ ತಿರುಗಿತು. ಜೇನ್ನೊಣ ಹಾರಿದಂತೆ ಒಂದೇ ಸಮನೆಯ ಗುಂಯ್ ಸದ್ದು. ಬೆಂಚಣ್ಣ ಗರಗಸದ ಬೆನ್ನ ಮೇಲೆ ಕೈಯಿಟ್ಟು ನೋಡಿದ. ಅಷ್ಟೆಲ್ಲದರ ನಡುವೆಯೂ ಅವನ ಮುಖ ಅರಳಿತು.

ಸಂಗೀತ ಶಾಲೆಯ ಹಿಂಬಾಗಿಲಿಗೆ ಒತ್ತಿಟ್ಟಿದ್ದ ಪೇಂಟ್ ಡಬ್ಬಿ ಇನ್ನೂ ಅಲ್ಲೇ ಇತ್ತು. ಹೆಡ್ ಮೇಡಂ ಅದನ್ನು ನೋಡಿದರು, ಬೆಂಚಣ್ಣ ಹೇಳಿದ್ದನ್ನೆಲ್ಲ ಕೇಳಿದರು. ತುಂಬ ಹೊತ್ತು ಕನ್ನಡಕ ಒರೆಸಿಕೊಂಡರು.

"ಯೋಚನೆ ಮಾಡೋಣ ಅಂತ ನಾನು ಎಷ್ಟು ಜನಕ್ಕೆ ಹೇಳಿದೀನೋ," ಎಂದರು. ಆಮೇಲೆ ಒಳಗೆ ಹೋಗಿ ಬೀಗದ ಕೈಗಳ ಗೊಂಚಲು ತಂದು ಗೇಟಮ್ಮನ ಕೈಯಲ್ಲಿಟ್ಟರು. "ತಪ್ಪಾಯ್ತು ಕಣಮ್ಮ. ಇವತ್ತಿಂದಲೇ ಬಾ."

ಗೇಟಮ್ಮ ಸೀದಾ ಗೇಟಿಗೆ ಹೋಗಿ, ಅದನ್ನು ಒಮ್ಮೆ ಮುಚ್ಚಿ ಒಮ್ಮೆ ತೆರೆದು, ಕೀಲು ಕಿರುಗುಡುತ್ತಿದೆಯೆಂದು ಗೊಣಗಿದಳು. ಆ ಗೊಣಗಾಟ ಕೇಳಿ ಅತ್ತಿಗೆಗೆ ಇಡೀ ವಾರದ ದಣಿವು ಇಳಿಯಿತು. ಬಂದ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಆದಂತಾಯಿತು.

ಇನ್ನುಳಿದದ್ದು ಗೋಡೆ. ಕುರ್ಚಿಯ ಹಲಗೆಯಷ್ಟಗಲದ ತೂತು. ಅದರ ಕೆಳ ಅಂಚಿಗೆ, ಕಲ್ಲು ಉದುರದಿರಲೆಂದು, ಅತ್ತಿಗೆ ಬರುವ ಮುಂಚೆಯೇ ಶಾಲೆಯವರು ಸಿಮೆಂಟು ಮೆತ್ತಿದ್ದರು. ಅದರ ಅಡಿಯಲ್ಲಿ ನೋಡಬೇಕೆಂದು ತಮಗೆ ತೋಚದ್ದಕ್ಕೆ ಅತ್ತಿಗೆ ತಮ್ಮನ್ನೇ ಬೈದುಕೊಂಡರು.

ಮೆಕ್ಯಾನಿಕ್ ಉಳಿ ಹಿಡಿದು ಸಿಮೆಂಟನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸಿದ. ಒದ್ದೆ ಬಟ್ಟೆಯಿಂದ ಒರೆಸಿದ. ಎಡಗಡೆಯಿಂದ ಒಂದು ಗೇಣಿನವರೆಗೆ ಅಲೆಗಳಿದ್ದವು. ಅಲ್ಲಿಂದಾಚೆ ಕೊಯ್ತ ಕನ್ನಡಿಯಂತೆ ನುಣ್ಣಗಿತ್ತು, ಮೊದಲಿನದಕ್ಕಿಂತ ಸಪೂರವೂ ಆಗಿತ್ತು.

"ನಿಜಾನೇ ಹೇಳಿದಾರೆ," ಎಂದರು ಅತ್ತಿಗೆ. "ಬೇರೆ ಗರಗಸ. ಎಂಥ ಕೈ ನೋಡು! ಇಷ್ಟು ಚೆನ್ನಾಗಿ ಇಟ್ಟುಕೊಂಡಿರೋ ಮಷಿನ್ ಇವತ್ತು ಒಂದೂ ಬರಲಿಲ್ಲವಲ್ಲ. ಯಾರದ್ದಿರಬಹುದು?"

ಮೆಕ್ಯಾನಿಕ್ ಆ ಕೊಯ್ತದ ಪಕ್ಕದಲ್ಲೇ, ಅದಕ್ಕೆ ಸಮನಾಗಿ ಓಡಿದ್ದ ಕೂದಲೆಳೆಯಂಥ ಗೀರೊಂದರ ಮೇಲೆ ಬೆರಳಿಟ್ಟು ಕೂತಿದ್ದ. ಬೆರಳನ್ನು ಆ ತುದಿಯಿಂದ ಈ ತುದಿಗೆ ತಂದ. ಮತ್ತೊಮ್ಮೆ ತಂದ.

"ಏನೋ ಅದು?"

"ಬ್ಲೇಡಿನ ಮೇಲಿರೋ ಮುಚ್ಚಳ ತಾಗಿದ ಗೀರು," ಎಂದ ಅವನು. "ಆ ಮುಚ್ಚಳದ ಮೂಲೇಲಿ ಒಂದು ರಿವೆಟ್ ಎದ್ದಿದೆ. ನಾನೇ ತಗಡು ಬಗ್ಗಿಸಿ ಹೊಡೆದಿದ್ದು. ಈ ಸಪೂರದ ಬ್ಲೇಡ್ ಹಾಕೋದೂ ನಾನೊಬ್ಬನೇ. ಅತ್ತಿಗೆ, ಇದು ನನ್ನ ಗರಗಸದ ಕೊಯ್ತ."

ಬೆಂಚಣ್ಣ ಒಂದು ಹೆಜ್ಜೆ ಮುಂದೆ ಬಂದ. ಅತ್ತಿಗೆ ಕೈಯೆತ್ತಿ ಅವನನ್ನು ತಡೆದರು.

"ಅದು ಶೆಡ್‌ನಲ್ಲಿ ಬೀಗ ಹಾಕಿ ಇರುತ್ತೆ ತಾನೆ?"

"ಹೌದು. ಒಂದು ಕೀ ನನ್ನ ಜೇಬಲ್ಲಿ. ಯಾವತ್ತೂ ಬಿಟ್ಟಿಲ್ಲ. ಇನ್ನೊಂದು ನಿಮ್ಮ ಬ್ಯಾಗಲ್ಲಿ."

ಅತ್ತಿಗೆ ಬ್ಯಾಗಿನ ಒಳಜೇಬಿಗೆ ಕೈ ಹಾಕಿದರು. ಕೀ ಅಲ್ಲೇ ಇತ್ತು. ಅವರು ಅದನ್ನು ಬಳಸಿ ಎಷ್ಟೋ ತಿಂಗಳಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದಾಗ, ಅದರ ಹಲ್ಲುಗಳ ಸಂದಿಯಲ್ಲಿ ಒಣಗಿದ ಬೂದು ಕಲ್ಲಿನ ಕೆಸರು ಮೆತ್ತಿಕೊಂಡಿರುವುದು ಕಾಣಿಸಿತು.

ಮೈದುನ ಆ ಕೀಯನ್ನೇ ನೋಡುತ್ತಿದ್ದ.

"ಶುಕ್ರವಾರ ಮಧ್ಯಾಹ್ನ ನೀವೂ ನಾನೂ ಬೇರಿಂಗ್ ತರೋಕೆ ಹೋಗಿದ್ವಿ," ಎಂದ ಅವನು, ಒಂದೊಂದೇ ಮಾತು ಹೊರಗೆಳೆಯುತ್ತ. "ಬ್ಯಾಗ್ ಮನೇಲೇ ಬಿಟ್ಟಿದ್ರಿ ಅತ್ತಿಗೆ. ಮನೇಲಿದ್ದಿದ್ದು ನನ್ನ ಹೆಂಡತಿ ಒಬ್ಬಳೇ."